ಬನ್ನಿಗಿಡದಿಂದ ನಲವತ್ತು ಹೆಜ್ಜೆ

ಹೋದ ತಿಂಗಳು ನನ್ನ ಸಣ್ಣ ತಮ್ಮ ಊರಿಂದ ಎರಡು ಚೀಲ ಎರೆಮಣ್ಣು ಕಳಿಸಿದ. ಆಳಂದದ ನಮ್ಮ ಮನೆಯ ಮಾಳಿಗೆಯ ಮೇಲೆ ನಾನು ಹತ್ತಿಪ್ಪತ್ತು ಕುಂಡ ಇಟ್ಟುಕೊಂಡಿದ್ದೇನೆ. ಇಲ್ಲಿಯ ಮಣ್ಣಿನಲ್ಲಿ ಒಂದು ಮೆಣಸಿನಗಿಡವೂ ನೆಟ್ಟಗೆ ಏಳುವುದಿಲ್ಲ ಎಂದು ಫೋನಿನಲ್ಲಿ ಗೊಣಗಿದ್ದೆ. "ಹಳ್ಳದ ಹೊಲದಾಗ ಕೃಷಿಹೊಂಡ ತೋಡಸಾಕತ್ತೇನಿ ಅಕ್ಕಾ, ಮಣ್ಣು ಗುಡ್ಡೆ ಬಿದ್ದದ, ಕಳಿಸ್ತೇನಿ ತಗೋ" ಅಂದಿದ್ದ. ಚೀಲ ಬಿಚ್ಚಿ ಸುರುವಿದಾಗ ಹೆಂಟೆಗಳ ನಡುವೆ ಇದ್ದಲಿಯ ತುಂಡುಗಳು ಬಿದ್ದವು. ಒಂದೆರಡಲ್ಲ, ಎರಡು ಬೊಗಸೆಯಷ್ಟು. ಕೆಲವು ಗಟ್ಟಿಯಾಗಿ ಹೊಳೆಯುವಂಥವು, ಕೆಲವು ಹಗುರಾಗಿ ಬೆರಳಿಗೆ ಪುಡಿಯಾಗುವಂಥವು. ಹೊಲದಲ್ಲಿ ಇದ್ದಲಿ ಸಿಗುವುದು ದೊಡ್ಡ ಮಾತಲ್ಲ, ಯಾರೋ ಯಾವಾಗಲೋ ಎಳೆ ಜೋಳದ ತೆನೆ ತಂದು ಸೀತನಿ ಸುಟ್ಟು ತಿಂದಿರುತ್ತಾರೆ. ಆದರೆ ನನಗೆ ನಿಂತಲ್ಲೇ ಎಡಗಿವಿ ಚುರ್ ಅಂದಿತು. ಮಣ್ಣನ್ನು ಹಾಗೇ ಬಿಟ್ಟು ಕಟ್ಟೆಯ ಮೇಲೆ ಕುಳಿತೆ. ಖಾಲಾ...

ಖಾಲಾ ಅಂದರೆ ಚಿಕ್ಕಮ್ಮ, ಆದರೆ ಆಕೆ ನಮಗೆ ರಕ್ತಸಂಬಂಧಿ ಅಲ್ಲ. ನೆಲೋಗಿಯಲ್ಲಿ ಬಸ್ಸಿಳಿದು ಒಂದು ಹರದಾರಿ ನಡೆದರೆ ನಮ್ಮೂರು. ಆ ಊರಿನ ಹಳ್ಳದ ಕಡೆಯ ಕೊನೆಯ ಮನೆ ಆಕೆಯದು. ಊರವರು ಅದನ್ನು ಹಬಶಿಯರ ಮನೆ ಅನ್ನುತ್ತಿದ್ದರು. ನಿಜಾಮರ ಕಾಲದಲ್ಲಿ ಜಹಗೀರದಾರನ ಕಾವಲಿಗೆಂದು ಬಂದ ಆಫ್ರಿಕದ ಸಿಪಾಯಿಗಳ ವಂಶ ಅವರದು. ಹಳಿಯಾಳ, ಯಲ್ಲಾಪುರದ ಕಾಡಿನ ಸಿದ್ದಿಗಳೂ ಇವರೂ ಒಂದೇ ಬೇರಿನವರು ಎಂದು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ಅವರ ಕೂದಲು ಗುಂಗುರು, ಮೈಬಣ್ಣ ನಮ್ಮ ಎರೆಮಣ್ಣಿನಷ್ಟೇ ಕಪ್ಪು, ಶುಕ್ರವಾರ ದರ್ಗಾಕ್ಕೆ ಹೋಗುತ್ತಾರೆ, ಮನೆಯಲ್ಲಿ ದಖನಿ ಮಾತಾಡಿ ಹೊರಗೆ ನಮಗಿಂತ ಚಂದ ಕನ್ನಡ ಮಾತಾಡುತ್ತಾರೆ.

ಜಹಗೀರು ಹೋಯಿತು, ಕುದುರೆಗಳು ಹೋದವು, ಕೊನೆಗೆ ಅವರಿಗೆ ಉಳಿದದ್ದು ಹಳ್ಳದ ದಂಡೆಯ ನಾಲ್ಕು ಎಕರೆ. ಖಾಲಾನ ಅಜ್ಜ ಅಲ್ಲಿಯ ಜಾಲಿಕಂಟಿ ಕಡಿದು, ಕಲ್ಲು ಆಯ್ದು ಹೊಲ ಮಾಡಿದನಂತೆ. ಆದರೆ ಕಾಗದಪತ್ರ ಮಾಡುವ ಕಾಲ ಬಂದಾಗ ಅದೂ ನಮ್ಮ ಅಜ್ಜನ ಹೆಸರಿನಲ್ಲೇ ಕೂತುಬಿಟ್ಟಿತು. ಅಜ್ಜ ಊರಿನ ಗೌಡ, ಬರೆಯುವವರು ಅವನ ಜಗುಲಿಯ ಮೇಲೇ ಕುಳಿತು ಬರೆದರು. "ಹೆಸರು ನಂದಿದ್ರ ಏನಾತು, ದುಡಿಯಾಂವ ನೀನೇ, ಉಣ್ಣಾಂವ ನೀನೇ" ಎಂದು ಅಜ್ಜ ಹೇಳಿದ್ದನಂತೆ. ಆ ಒಂದು ಮಾತಿನ ಮೇಲೆ ಮೂರು ತಲೆಮಾರು ಆ ಹೊಲದಲ್ಲಿ ಬಿತ್ತಿ ಬೆಳೆದರು. ಪಹಣಿಯಲ್ಲಿ ನಾವು, ನೆಲದ ಮೇಲೆ ಅವರು.

ನನಗೆ ಖಾಲಾನ ಮೇಲೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಮುಂದೆ ಬರೆಯುವುದೆಲ್ಲ ಪ್ರೀತಿಯ ನೆನಪಿನಂತೆ ಕಂಡು ನಾನು ಒಳ್ಳೆಯವಳಾಗಿಬಿಡುತ್ತೇನೆ. ಪ್ರೀತಿ ಇರಲಿಲ್ಲ ಅಂತಲ್ಲ. ಇತ್ತು. ಆದರೆ ಅದಕ್ಕಿಂತ ಒಂದು ಗೇಣು ಮೇಲೆ ಹೊಟ್ಟೆಕಿಚ್ಚು ಇತ್ತು.

ಕಾರಣ ಅಪ್ಪ. ಅಪ್ಪ ಮಾತು ಕಡಿಮೆಯ ಮನುಷ್ಯ. ನನ್ನ ಸಂಗಡ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು, ಅದರಲ್ಲಿ ಎರಡು "ಚಾ ತಾ". ಆದರೆ ಖಾಲಾ ಬಂದಳೆಂದರೆ ಎದ್ದು ಕೂರುತ್ತಿದ್ದ. ತನಗಿಂತ ಎರಡು ವರ್ಷ ದೊಡ್ಡವಳೆಂದು ಅವರ ಮಾತಿನಲ್ಲೇ "ಆಪಾ", ಅಕ್ಕ, ಅನ್ನುತ್ತಿದ್ದ. ಇಬ್ಬರೂ ಬದುವಿನ ಮೇಲೆ ಕುಳಿತು ಮಣ್ಣಿನ ವಿಷಯ, ಗಾಳಿಯ ವಿಷಯ, ಯಾವ ಆಕಳು ಯಾಕೆ ಮೇವು ಬಿಟ್ಟಿದೆ ಎಂಬ ವಿಷಯ ತಾಸುಗಟ್ಟಲೆ ಮಾತಾಡುವರು. ನಾನು ಬುತ್ತಿ ತೆಗೆದುಕೊಂಡು ಹೋದರೆ ಅಪ್ಪ ಗಂಟು ಇಸಿದುಕೊಂಡು ಅಲ್ಲೇ ಇಡುತ್ತಿದ್ದ, ನನ್ನ ಮುಖ ನೋಡುತ್ತಿರಲಿಲ್ಲ.

ಉತ್ತರಿ ಮಳೆ ಬಿದ್ದು ಹಿಂಗಾರಿ ಜೋಳ ಬಿತ್ತುವ ದಿನ ಹತ್ತಿರ ಬಂದಾಗಂತೂ ಆಕೆಯದೇ ದರಬಾರು. ಎರೆಹೊಲದಲ್ಲಿ ಬಿತ್ತುವುದಕ್ಕೆ ಹದ ಬೇಕು. ಒಂದೆರಡು ದಿನ ಹಿಂದೆ ಮುಂದೆ ಆದರೆ ಬೀಜ ಮಣ್ಣಿನೊಳಗೇ ಸಾಯುತ್ತದೆ. ಖಾಲಾ ಬೆಳಗು ಹರಿಯುವಾಗ ಬರಿಗಾಲಲ್ಲಿ ನಮ್ಮ ಹೊಲದೊಳಗೆ ಇಳಿಯುವಳು. ಹತ್ತು ಹೆಜ್ಜೆಗೊಮ್ಮೆ ಬಗ್ಗಿ, ಗೇಣುದ್ದ ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡುವಳು, ಮೂಸುವಳು, ನಡುವಿನ ಎತ್ತರದಿಂದ ಕೈಬಿಡುವಳು. ಉಂಡೆ ಚಪ್ಪಟೆಯಾದರೆ ಹಸಿ ಹೆಚ್ಚು. ಪುಡಿಯಾದರೆ ಹೊತ್ತು ಮೀರಿದೆ. ಎರಡು ಮೂರು ಹೋಳಾದರೆ ಅಪ್ಪನ ಕಡೆಗೆ ತಿರುಗಿ "ಹೂಂ ಗೌಡ್ರ" ಅನ್ನುವಳು. ಅಷ್ಟೇ. ಅಪ್ಪ ಕೂರಿಗೆ ಹೂಡುತ್ತಿದ್ದ. ಅವನು ಕೂರಿಗೆ ಹೂಡಿದ ಮೇಲೆ ಊರು ಹೂಡುತ್ತಿತ್ತು.

ಬೀಜವೂ ಆಕೆಯದೇ. ಎಲ್ಲರೂ ರಾಶಿ ಮಾಡಿದ ಮೇಲೆ ಬೀಜಕ್ಕೆ ಒಂದು ಚೀಲ ಎತ್ತಿಟ್ಟರೆ, ಖಾಲಾ ಬೆಳೆ ನಿಂತಿರುವಾಗಲೇ ಹೊಲ ಸುತ್ತಿ, ಮೆಚ್ಚಿಗೆಯಾದ ತೆನೆಗೆ ಕೆಂಪು ಚಿಂದಿ ಕಟ್ಟಿ ಬರುವಳು. ನಮ್ಮ ಹೊಲದಲ್ಲೂ ಕಟ್ಟುವಳು, ಯಾರನ್ನೂ ಕೇಳದೆ. ಆ ತೆನೆಗಳನ್ನು ಬೇರೆ ಕೊಯ್ದು, ಕಾಳು ಬಿಡಿಸಿ, ಬೂದಿ ಮತ್ತು ಲಕ್ಕಿಸೊಪ್ಪು ಬೆರೆಸಿ ಗಡಿಗೆಯಲ್ಲಿ ತುಂಬಿ ಸಗಣಿಯಿಂದ ಬಾಯಿ ಮುಚ್ಚುವಳು. ತನ್ನ ಮಗಳ ಕೈಯನ್ನು ತನ್ನ ಕೈಯೊಳಗೆ ಹಿಡಿದು ತೆನೆ ತೂಗುವುದನ್ನು ಕಲಿಸುತ್ತಿದ್ದಳು. ಆ ಹುಡುಗಿ ನನಗಿಂತ ಎರಡು ವರ್ಷ ಸಣ್ಣವಳು. ನನಗೂ ಕಲಿಸು ಎಂದು ಕೇಳಿದ್ದೆ. "ಕೇಳು ಬೇಟಾ, ಹೇಳ್ತೇನಿ" ಅಂದು ಎಲ್ಲವನ್ನೂ ಬಾಯಿಂದ ಹೇಳಿದಳು, ನಾನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ನನ್ನ ಕೈ ಮಾತ್ರ ಹಿಡಿಯಲಿಲ್ಲ. ಗೌಡರ ಮಗಳ ಕೈ ಹಿಡಿಯುವುದು ಹೇಗೆ ಎಂದು ಅಂಜಿರಬೇಕು, ಈಗ ಹಾಗೆ ಅನಿಸುತ್ತದೆ. ಆಗ ಮಾತ್ರ, ಬೇಕಂತಲೇ ಮುಚ್ಚಿಟ್ಟಳು ಅಂದುಕೊಂಡೆ.

ಕಿವಿಯ ಮಾತಿಗೆ ಬರುತ್ತೇನೆ.

ನನಗೆ ಏಳು ವರ್ಷವಿದ್ದಾಗ ಹಳ್ಳಕ್ಕೆ ದೊಡ್ಡ ನೀರು ಬಂದು ನಮ್ಮ ಹೊಲಕ್ಕೂ ಅವರ ಹೊಲಕ್ಕೂ ನಡುವೆ ಇದ್ದ ಗಡಿಕಲ್ಲು ಕೊಚ್ಚಿಕೊಂಡು ಹೋಯಿತು. ನೀರು ಇಳಿದ ಮೇಲೆ ಅಪ್ಪ, ಖಾಲಾ ಇಬ್ಬರೂ ಕೂಡಿ ಹೊಸ ಕಲ್ಲು ನೆಟ್ಟರು. ನಮ್ಮ ಹೊಲದ ನಡುವೆ ಒಂದು ಹಳೆಯ ಬನ್ನಿಗಿಡ ಇತ್ತು. ಅದರ ಬುಡಕ್ಕೆ ಬೆನ್ನು ಹಚ್ಚಿ ನಿಂತು, ಹೊತ್ತು ಮೂಡುವ ದಿಕ್ಕಿಗೆ ಮುಖ ಮಾಡಿ ಖಾಲಾ ನಡೆದಳು. ಉದ್ದ ಕಾಲಿನ ಎತ್ತರದ ಹೆಂಗಸು, ಆಕೆಯ ಹೆಜ್ಜೆಗೆ ಹೆಜ್ಜೆ ಹಾಕಲು ನಾನು ಓಡಬೇಕಾಯಿತು. ನಲವತ್ತನೆಯ ಹೆಜ್ಜೆಗೆ ನಿಂತು ಹಿಮ್ಮಡಿಯಿಂದ ಗೆರೆ ಎಳೆದಳು. ಅಲ್ಲಿ ಮೊಳಕಾಲುದ್ದ ಗುಂಡಿ ತೋಡಿದರು. ಅಪ್ಪ ನಮ್ಮ ಒಲೆಯ ಇದ್ದಲಿ ತಂದಿದ್ದ, ಖಾಲಾ ತನ್ನ ಒಲೆಯದು. ಎರಡನ್ನೂ ಗುಂಡಿಗೆ ಸುರುವಿ, ಒಂದು ಹಿಡಿ ಉಪ್ಪು ಹಾಕಿ, ಮೇಲೆ ಕಲ್ಲು ನಿಲ್ಲಿಸಿದರು. ಇದ್ದಲಿ ಯಾಕೆ ಎಂದು ಕೇಳಿದೆ.

"ಕಲ್ಲು ಜನಾ ಸರಿಸ್ತಾರ ಬೇಟಾ. ಕಟ್ಟಿಗಿ ಗೆದ್ದಲ ತಿಂತದ. ಇದ್ದಲಿ ನೂರು ವರ್ಷಾದ್ರೂ ಹಂಗೇ ಇರ್ತದ, ಅದಕ್ಕ ಯಾರೂ ಆಶಾ ಮಾಡಂಗಿಲ್ಲ" ಅಂದಳು ಖಾಲಾ.

ಆಮೇಲೆ ಅಪ್ಪನ ಕಡೆ ನೋಡಿದಳು. ಅಪ್ಪ ತಲೆಯಾಡಿಸಿದ. ಆಕೆ ನನ್ನನ್ನು ಹತ್ತಿರ ಕರೆದು, ಎಡಗಿವಿ ಹಿಡಿದು, ಜೀವ ಬಾಯಿಗೆ ಬರುವ ಹಾಗೆ ಹಿಂಡಿದಳು. ನಾನು ಚೀರಿದೆ. ಗಡಿಕಲ್ಲು ನೆಡುವಾಗ ಒಂದು ಕೂಸನ್ನು ಸಾಕ್ಷಿಗೆ ನಿಲ್ಲಿಸಿ ಕಿವಿ ಹಿಂಡುವುದು ಅವರ ಮನೆತನದ ಪದ್ಧತಿಯಂತೆ. ನೋವು ಆದದ್ದು ಮರೆಯುವುದಿಲ್ಲ, ದೊಡ್ಡವರು ಹೋದ ಮೇಲೂ ಕೂಸು ಇರುತ್ತದೆ, ಅದು ಹೇಳುತ್ತದೆ ಎಂಬ ಲೆಕ್ಕ. ಕಿವಿ ಕೆಂಪಾದ ಮೇಲೆ ಸೆರಗಿನ ಗಂಟು ಬಿಚ್ಚಿ ಬೆಲ್ಲ ಕೊಟ್ಟಳು. "ನೆನಪಿಡು. ಬನ್ನಿಗಿಡದಿಂದ ನಲವತ್ತು" ಅಂದಳು. ತನ್ನ ಸ್ವಂತ ಮಗಳನ್ನು ಬಿಟ್ಟು ನನ್ನ ಕಿವಿ ಹಿಂಡಿದ್ದು ಆ ದಿನ ನನಗೆ ಹೆಮ್ಮೆಯೇ ಆಗಿತ್ತು... ಸುಳ್ಳು ಯಾಕೆ ಹೇಳಲಿ.

ದೊಡ್ಡವಳಾದೆ. ರಾಯಚೂರಿಗೆ ಹೋಗಿ ಕೃಷಿ ಓದಿ ಬಂದೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಆಗ ಅದನ್ನು ಓದಿದ ಹುಡುಗಿ ನಾನೊಬ್ಬಳೇ. ಮಣ್ಣಿನ ತೇವ ಅಳೆಯುವುದು, ಬೀಜೋಪಚಾರ, ಸಾಲಿನ ಅಂತರ ಎಲ್ಲಾ ತಲೆಯಲ್ಲಿ ತುಂಬಿಕೊಂಡು ಬಂದು, ಇನ್ನು ಅಪ್ಪ ನನ್ನನ್ನು ಕೇಳುತ್ತಾನೆ ಎಂದು ಕಾದೆ. ಆ ವರ್ಷ ಉತ್ತರಿ ಚಲೋ ಬಿತ್ತು. ನಾನು ಹೊಲದ ಮಣ್ಣು ತೂಗಿ, ಒಲೆಯ ಮೇಲೆ ಒಣಗಿಸಿ, ಮತ್ತೆ ತೂಗಿ ಲೆಕ್ಕ ಹಾಕಿದೆ. "ನಾಳೆ ಬಿತ್ತಬಹುದು" ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹಳ್ಳದ ಕಡೆಗೆ ಹೋದ. ತಿರುಗಿ ಬಂದು, "ಆಪಾ ಇನ್ನ ಮೂರು ದಿನ ತಡಿ ಅಂತಾಳ" ಅಂದ.

ನಾನು ಬಿಡಲಿಲ್ಲ. ಅತ್ತು ಕರೆದು, ಹಟ ಹಿಡಿದು, ಒಂದು ಪಟ್ಟಿ ನನ್ನ ಮಾತಿನ ಪ್ರಕಾರ ಬಿತ್ತಿಸಿದೆ. ಉಳಿದದ್ದು ಆಕೆಯ ಮಾತಿನ ಪ್ರಕಾರ ಮೂರು ದಿನದ ಮೇಲೆ ಬಿತ್ತಲಾಯಿತು. ಎಂಟು ಹತ್ತು ದಿನಕ್ಕೆ ನೋಡಿದರೆ ಆಕೆಯ ಸಾಲುಗಳು ಬಾಚಿದ ತಲೆಯ ಹಾಗೆ ನೆಟ್ಟಗೆ ಎದ್ದಿದ್ದವು. ನನ್ನ ಪಟ್ಟಿಯಲ್ಲಿ ಮೇಲಿನ ಮಣ್ಣು ಹೆಪ್ಪುಗಟ್ಟಿ, ಇಲ್ಲೊಂದು ಅಲ್ಲೊಂದು ಮೊಳಕೆ. ಅಪ್ಪ ನಗಲಿಲ್ಲ, ಬೈಯಲಿಲ್ಲ, ಆ ಪಟ್ಟಿಯ ಕಡೆಗೆ ನೋಡಲೂ ಇಲ್ಲ. ಬೈದಿದ್ದರೆ ಸಹಿಸುತ್ತಿದ್ದೆ. ಖಾಲಾ ಮಾತ್ರ ಬಂದು ನನ್ನ ಪಕ್ಕ ನಿಂತಳು.

"ನಿಂದೇನೂ ತಪ್ಪಿಲ್ಲ ಬೇಟಾ. ನಿನ್ನ ಲೆಕ್ಕ ಖರೇನೇ ಅದ. ಈ ಪಟ್ಟಿ ಮಣ್ಣು ಜರಾ ಮೊಂಡ, ಅದು ನಿನಗ ಹ್ಯಾಂಗ ಗೊತ್ತಾಗಬೇಕು?"

ಆಕೆ ಸಮಾಧಾನ ಮಾಡಿದ್ದು ನನಗೆ ಮೈಯೆಲ್ಲಾ ಉರಿ ಹತ್ತಿಸಿತು. ನಮ್ಮ ಅಪ್ಪನ ಹೊಲದ ಯಾವ ಪಟ್ಟಿ ಮೊಂಡ ಎಂದು ನನಗೆ ಹೇಳಲು ಇವಳು ಯಾರು? ರುಜು ಹಾಕಲು ಬಾರದವಳು. ಆ ದಿನದಿಂದ ನಾನು ಆಕೆಯ ಮನೆಯ ಕಡೆ ಹೋಗುವುದು ಬಿಟ್ಟೆ.

ಅದಕ್ಕಿಂತ ದೊಡ್ಡ ಪೆಟ್ಟು ಮುಂದೆ ಕಾದಿತ್ತು. ನನ್ನ ಮದುವೆಯಾಗಿ ನಾನು ಆಳಂದಕ್ಕೆ ಬಂದ ಮೇಲೆ ಅಪ್ಪನಿಗೆ ಎದೆನೋವು ಸುರುವಾಯಿತು. ಹೋಗುವ ಮುಂಚೆ ಖಾಲಾನ ನಾಲ್ಕು ಎಕರೆಯನ್ನು ಆಕೆಯ ಹೆಸರಿಗೆ ಮಾಡಿಸಬೇಕೆಂದು ಅವನಿಗೆ ಹತ್ತಿಬಿಟ್ಟಿತು. ಜೇವರ್ಗಿಯ ಕಚೇರಿಗೆ ಅಲೆದ. ಅಲ್ಲಿ ಯಾರೋ ಆಕೆಯ ಜಾತಿ ಕೇಳಿ, ಆ ಜನ ನಮ್ಮ ಜಿಲ್ಲೆಯ ಪರಿಶಿಷ್ಟರ ಯಾದಿಯೊಳಗೇ ಇಲ್ಲ ಅಂದರಂತೆ. ಯಾದಿ ಬೇಡ, ನನ್ನ ಹೊಲದಿಂದ ಬೇರೆ ಮಾಡಿ ಕೊಡುತ್ತೇನೆ ಎಂದು ಅರ್ಜಿ ಬರೆಸಿದ. "ಗಡಿಕಲ್ಲಿನ ಆಚೆಯ ಹಳ್ಳದ ಕಡೆಯ ನೆಲವೆಲ್ಲ ಆಕೆಯದು" ಎಂದು ಅದರಲ್ಲಿ ಬರೆಸಿ ಸಹಿ ಮಾಡಿದ. ಎಷ್ಟು ಎಕರೆ ಎಂದು ಬರೆಸಲಿಲ್ಲ. ಕಲ್ಲು ಇದೆಯಲ್ಲ ಎಂಬ ಧೈರ್ಯ.

ಇದನ್ನು ಅವ್ವ ನನಗೆ ಹೇಳಿದಾಗ ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ನನ್ನ ಹೆಸರಿನಲ್ಲಿ ಒಂದು ಗುಂಟೆ ಬರೆಸುವ ಮಾತು ಅಪ್ಪನ ಬಾಯಿಂದ ಒಂದು ದಿನವೂ ಬಂದಿರಲಿಲ್ಲ. ಹೆಣ್ಣುಮಗಳು, ಕೊಟ್ಟ ಮನೆಗೆ ಹೋದಳು, ಮುಗಿಯಿತು. ಮಣ್ಣು ಓದಿದವಳು ನಾನು, ಪಹಣಿಯಲ್ಲಿ ಹೆಸರು ಬರುವುದು ಆಕೆಯದು. ಅದು ಆಕೆಯದೇ ನೆಲ, ಅಪ್ಪ ಕೊಡುತ್ತಿರುವುದು ದಾನವಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅನಿಸಿತು.

ಅಳತೆಯವರು ಬರುವ ಮೊದಲೇ ಅಪ್ಪ ಹೋದ.

ತಮ್ಮಂದಿರು ವಾಟ್ನಿ ಮಾಡಿ ಹೊಲ ಹಂಚಿಕೊಳ್ಳುವ ಅವಸರದಲ್ಲಿದ್ದರು. ಅಪ್ಪನ ಅರ್ಜಿಯನ್ನು ಅಲ್ಲಗಳೆಯಲಿಲ್ಲ, ಊರ ಹಿರಿಯರ ಮುಂದೆ ಮಾತು ಹೋಗುತ್ತದೆ. "ಅಪ್ಪ ಬರದಂಗೇ ಆಗಲಿ, ಕಲ್ಲಿನ ಆಚಿ ಎಲ್ಲಾ ಆಕಿದು" ಅಂದರು. ಆದರೆ ಕಲ್ಲು ಅಷ್ಟರೊಳಗೆ ನಡೆದುಬಿಟ್ಟಿತ್ತು. ಅಪ್ಪ ಹಾಸಿಗೆ ಹಿಡಿದ ವರ್ಷ ಹೊಲದೊಳಗೆ ಮೊದಲ ಸಲ ಟ್ರ್ಯಾಕ್ಟರ್ ಇಳಿಯಿತು. ದಾರಿಗೆ ಅಡ್ಡ ಎಂದು ಬನ್ನಿಗಿಡ ಕಡಿದರು, ಬೊಡ್ಡೆ ಮಾತ್ರ ಉಳಿಯಿತು. ಅದೇ ಹೊತ್ತಿಗೆ ಗಡಿಕಲ್ಲು ಹಳ್ಳದ ಅಂಚಿಗೆ ಹೋಗಿ ನಿಂತಿತ್ತು. ಆ ಕಲ್ಲಿನ ಆಚೆ ಉಳಿದದ್ದು ಅರ್ಧ ಎಕರೆ ಉಸುಕು ಮತ್ತು ಗರಸು. ಕಲ್ಲು ಯಾರು ಸರಿಸಿದರು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು.

ಅಳತೆಯ ದಿನ ನಾನೂ ಊರಿಗೆ ಹೋಗಿದ್ದೆ. ಸರ್ವೇಯವರು ಸರಪಳಿ ಹಿಡಿದುಕೊಂಡು ಬಂದಿದ್ದರು. ಖಾಲಾ ಮಗಳ ಹೆಗಲ ಮೇಲೆ ಕೈ ಇಟ್ಟುಕೊಂಡು ಬಂದಳು. ಆಕೆಗೆ ಎಪ್ಪತ್ತು ದಾಟಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಬಲಮೊಳಕಾಲು ಬಾತಿತ್ತು.

"ಸಾಹೇಬ್ರ, ಆ ಕಲ್ಲು ಸುಳ್ಳು ಕಲ್ಲು. ಖರೇ ಕಲ್ಲಿನ ಜಾಗಾದಾಗ ಇದ್ದಲಿ ಅದ. ನಾ ತೋರಿಸ್ತೇನಿ, ತೋಡಸ್ರಿ" ಅಂದಳು.

ಸರ್ವೇಯವರು ಒಳ್ಳೆಯವರೇ. ಹಳೆಯ ಗಡಿಯ ಕೆಳಗೆ ಇದ್ದಲಿ ಇಡುವುದು ಅವರಿಗೂ ಗೊತ್ತಿತ್ತು. "ತೋರ್ಸು ಮುದುಕಿ" ಅಂದರು. ಖಾಲಾ ಬೊಡ್ಡೆಗೆ ಬೆನ್ನು ಹಚ್ಚಿ ನಿಂತಳು. ಮುಖದ ಮೇಲೆ ಬೆಳಗಿನ ಬಿಸಿಲು ಬೀಳುವ ದಿಕ್ಕು ಹಿಡಿದು, ಮಗಳ ಕೈ ಬಿಟ್ಟು, ತಾನೇ ಎಣಿಸುತ್ತಾ ನಡೆದಳು. ಒಂದು, ಎರಡು, ಮೂರು... ನಾನು ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಹತ್ತನೆಯ ಹೆಜ್ಜೆಗೇ ನನಗೆ ತಿಳಿಯಿತು. ಆಕೆಯ ಹೆಜ್ಜೆ ಸಣ್ಣದಾಗಿತ್ತು. ಮೊಳಕಾಲು ನೋವಿನ ಮುದುಕಿ ಗೇಣು ಗೇಣು ಕಾಲು ಇಡುತ್ತಿದ್ದಳು, ಎಣಿಕೆ ಮಾತ್ರ ಹಳೆಯದೇ ನಲವತ್ತು. ನಲವತ್ತಕ್ಕೆ ನಿಂತು ಹಿಮ್ಮಡಿಯಿಂದ ಗೆರೆ ಎಳೆದಳು. ಅದು ನಮ್ಮ ಹೊಲದ ಒಳಗೇ ಬಿದ್ದಿತ್ತು, ಖರೆಯ ಗಡಿಗೆ ಇನ್ನೂ ಹತ್ತು ಹನ್ನೆರಡು ಮಾರು ಇತ್ತು.

ತೋಡಿದರು. ಏನೂ ಸಿಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿದರು. ಬರೀ ಮಣ್ಣು.

"ನೋಡಿದ್ರೇನ್ರಿ ಸಾಹೇಬ್ರ? ಕಲ್ಲಿನ ಆಚಿಂದು ಸಾಲಲ್ಲಂತ ನಮ್ಮದರಾಗೂ ಗೆರಿ ಹೊಡ್ಯಾಕತ್ಯಾಳ. ಎಲ್ಲಿಂದರೆ ಬಂದ ಮಂದಿ ಇವ್ರು" ಅಂದ ನನ್ನ ದೊಡ್ಡ ತಮ್ಮ.

"ನಾ ಎಲ್ಲಿಂದ ಬಂದೇನಪ್ಪಾ? ಇಲ್ಲೇ ಹುಟ್ಟೇನಿ. ನೀ ಹುಟ್ಟಿದಾಗ ನಿನ್ನ ಹೊಕ್ಕಳ ಕೊಯ್ದಾಕಿ ನಾನೇ" ಅಂದಳು ಖಾಲಾ. ದನಿ ಏರಿಸಲಿಲ್ಲ.

ಅಲ್ಲಿ ನೆರೆದವರು ನಕ್ಕರು. ಸರ್ವೇಯವರು ಹಣೆಯ ಬೆವರು ಒರೆಸಿಕೊಂಡು, ಇಡೀ ಹೊಲ ತೋಡಲು ಆಗುವುದಿಲ್ಲ, ಹಳೇ ಕಲ್ಲು ನೆಟ್ಟದ್ದನ್ನು ಕಂಡವರು ಯಾರಾದರೂ ಇದ್ದಾರೇನು ಎಂದು ಕೇಳಿದರು. ಖಾಲಾನ ಮುಖ ಬೆಳಗಿತು. ಪೊರೆಗಣ್ಣಿನಿಂದ ಹುಡುಕಿ, ನನ್ನ ಸೀರೆಯ ಬಣ್ಣ ಗುರುತು ಹಿಡಿದು ನನ್ನ ಕಡೆ ಕೈ ಚಾಚಿದಳು.

"ಈಕಿ ನೋಡ್ಯಾಳ. ಗೌಡ್ರ ಮಗಳು, ಶಾಣ್ಯಾಕಿ, ಓದಿದಾಕಿ. ಈಕಿನ್ನ ಕೇಳ್ರಿ. ಹೇಳು ಬೇಟಾ."

ಆ ಒಂದು ಗಳಿಗೆ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಈಗಲೂ ಚೆನ್ನಾಗಿ ಬಲ್ಲೆ. ತಮ್ಮಂದಿರ ಹೆದರಿಕೆ ಇರಲಿಲ್ಲ. ನೆಲದ ಆಸೆ ಇರಲಿಲ್ಲ, ನನಗೆ ಹೇಗೂ ಏನೂ ಬರುವುದಿರಲಿಲ್ಲ. ಇದ್ದದ್ದು ಒಂದೇ. ಆ ಹೊಲದ ಬಗ್ಗೆ ಖಾಲಾನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ನನ್ನ ಜನ್ಮದಲ್ಲಿ ಅದು ಮೊದಲ ಸಲ. ಎಷ್ಟು ರುಚಿಯಾಗಿತ್ತು ಅದು! ಆ ರುಚಿಯನ್ನು ಇನ್ನೊಂದು ಸ್ವಲ್ಪ ಹೊತ್ತು ನಾಲಿಗೆಯ ಮೇಲೇ ಇಟ್ಟುಕೊಳ್ಳಬೇಕು ಅನಿಸಿತು. "ಖಾಲಾ, ನಿಮ್ಮ ಹೆಜ್ಜಿ ಸಣ್ಣದಾಗ್ಯಾದ, ಇನ್ನ ಜರಾ ಮುಂದ ಹೋಗ್ರಿ" ಅನ್ನಬೇಕಿತ್ತು. ಅಷ್ಟೇ ಮಾತು.

"ನನಗ ನೆನಪಿಲ್ರಿ" ಅಂದೆ.

ಖಾಲಾ ಕೈ ಕೆಳಗೆ ಇಳಿಸಿದಳು. "ಸಣ್ಣಾಕಿ ಇದ್ದಳ್ರಿ ಸಾಹೇಬ್ರ, ಪಾಪ, ಹ್ಯಾಂಗ ನೆನಪಿರ್ತದ" ಎಂದು ತಾನೇ ನನ್ನ ಪರವಾಗಿ ಹೇಳಿದಳು. ಸರ್ವೇಯವರು ಈಗ ಇರುವ ಕಲ್ಲೇ ಗಡಿ ಎಂದು ಬರೆದುಕೊಂಡರು. ಆಕೆಯ ಮಗಳು ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದಳು.

ಆ ನಾಲ್ಕರಲ್ಲಿ ಉಳಿದ ಮೂರೂವರೆ ಎಕರೆ ಸಣ್ಣ ತಮ್ಮನ ಪಾಲಿಗೆ ಬಂತು. ಉಸುಕಿನ ಅರ್ಧ ಎಕರೆಯಲ್ಲಿ ಒಂದು ಹಿಂಗಾರಿ ನೋಡಿ, ಖಾಲಾ ಮಗಳ ಸಂಗಡ ಅಫಜಲಪುರಕ್ಕೆ ಹೊರಟಳು. ಹೋಗುವ ಮುಂಚೆ ಒಂದು ಬೀಜದ ಗಡಿಗೆ ತಂದು ಅವ್ವನ ಕೈಯಲ್ಲಿ ಕೊಟ್ಟು, ಈ ಮನೆಯಲ್ಲಿ ಮಣ್ಣು ಓದಿದವಳು ನಿನ್ನ ಮಗಳೊಬ್ಬಳೇ, ಆಕೆಗೆ ಕೊಡು ಅಂದಳಂತೆ. ಗಡಿಗೆ ಆಳಂದಕ್ಕೆ ಬಂತು. ನನಗೆ ಬಿತ್ತಲು ನೆಲ ಎಲ್ಲಿತ್ತು? ಒಂದು ವರ್ಷ ಅಟ್ಟದ ಮೇಲೆ ಇಟ್ಟೆ. ಅದನ್ನು ಕಂಡಾಗಲೆಲ್ಲ ಸಿಟ್ಟು ಬರುತ್ತಿತ್ತು. ಒಂದು ದಿನ ಬಾಯಿ ಒಡೆದು, ಬೂದಿ ಕೇರಿ, ಗಿರಣಿಗೆ ಕಳಿಸಿದೆ. ಒಂದು ಕಾಳಿಗೂ ಹುಳ ಹತ್ತಿರಲಿಲ್ಲ. ಆ ಹಿಟ್ಟಿನ ರೊಟ್ಟಿಯನ್ನು ಗಂಡ ಮಕ್ಕಳು ಹೊಗಳಿ ಹೊಗಳಿ ತಿಂದರು. ಆ ಹೊಗಳಿಕೆಯನ್ನೂ ನನ್ನಿಂದ ಕೇಳಲಾಗಲಿಲ್ಲ.

ಖಾಲಾ ತೀರಿಕೊಂಡ ಸುದ್ದಿ ಬಂದಾಗ ನಾನು ಹೋಗಲಿಲ್ಲ. ಮಕ್ಕಳ ಪರೀಕ್ಷೆ ಎಂದು ನೆವ ಹೇಳಿದೆ...

ಇದ್ದಲಿ ಸಿಕ್ಕ ಮೂರನೆಯ ದಿನ, ಅವನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಅಫಜಲಪುರದ ಬಸ್ಸು ಹತ್ತಿದೆ. ಖಾಲಾನ ಮಗಳ ಮನೆ ಕೇಳಿದರೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನೇ ದಾರಿ ತೋರಿಸಿದ. "ಆಡಿಗೆ ಔಷಧ ಕೊಡೋ ಬಾಯಿ ಏನ್ರಿ?" ಅಂದ. ಬಾಡಿಗೆಯ ಒಂದು ಕೋಣೆ. ಮುಂದೆ ಮೂರು ಮಾರು ಉದ್ದದ ಕಟ್ಟೆ. ಕಟ್ಟೆಯ ಮೇಲೆ ಸಾಲಾಗಿ ಪೇಂಟಿನ ಡಬ್ಬಿಗಳು. ಲಕ್ಕಿ, ಅಮೃತಬಳ್ಳಿ, ಆಡುಸೋಗೆ, ನನಗೆ ಹೆಸರು ಗೊತ್ತಿಲ್ಲದ ಇನ್ನೂ ಏಳೆಂಟು. ಒಂದು ಡಬ್ಬಿಯಲ್ಲಿ ನಾಲ್ಕು ದಂಟು ಜೋಳ ನಿಂತಿತ್ತು, ಅದರಲ್ಲಿ ಒಂದಕ್ಕೆ ಕೆಂಪು ಚಿಂದಿ. ನಾಲ್ಕು ಎಕರೆ ಆ ಕಟ್ಟೆಯ ಮೇಲೆ ಬಂದು ಕೂತಿತ್ತು.

"ಬರ್ರಿ ಅಕ್ಕಾರ" ಅಂದಳು. ತಲೆ ಬೆಳ್ಳಗಾಗಿತ್ತು. ತಾಯಿಯದೇ ಎತ್ತರ, ತಾಯಿಯದೇ ಉದ್ದ ಕಾಲು. ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಾಳಂತೆ. ಬಿತ್ತುವ ಕಾಲಕ್ಕೆ ನಾಲ್ಕಾರು ಹಳ್ಳಿಯವರು ಹದ ನೋಡಲು ಮೋಟಾರ್ ಸೈಕಲ್ ತಂದು ಕರೆದುಕೊಂಡು ಹೋಗುತ್ತಾರಂತೆ. ಇನ್ನೊಬ್ಬರ ಮಣ್ಣು, ಇನ್ನೊಬ್ಬರ ಹದ. ಚಹಾ ಇಟ್ಟಳು. ನಾನು ಡಬ್ಬಿ ತೆಗೆದು ಮುಂದೆ ಸರಿಸಿದೆ. ತೆರೆದಳು. ಒಂದೊಂದೇ ತುಂಡು ಎತ್ತಿ, ಅಂಗೈ ಮೇಲೆ ತೂಗಿ, ಎರಡು ಗುಂಪು ಮಾಡುತ್ತಾ ಹೋದಳು. ಕಣ್ಣು ನನ್ನ ಮೇಲೇ ಇತ್ತು, ಕೈ ತಾನೇ ಕೆಲಸ ಮಾಡುತ್ತಿತ್ತು.

"ಇದು ನಿಮ್ಮ ಮನೀದು, ಜಾಲಿಕಟ್ಟಿಗಿ. ಇದು ನಮ್ಮದು, ತೊಗರಿಕಟ್ಟಿ" ಅಂದಳು.

ಆ ಕೈಯನ್ನು ನೋಡುತ್ತಾ ಕುಳಿತಿದ್ದೆ. ಈ ವಯಸ್ಸಿನಲ್ಲಿ, ತಪ್ಪು ಒಪ್ಪಿಕೊಳ್ಳಲೆಂದು ಹೋದವಳು, ಅಲ್ಲಿ ಕುಳಿತು ನನಗೆ ಮತ್ತೆ ಹೊಟ್ಟೆಕಿಚ್ಚೇ ಆಯಿತು ಎಂದು ಹೇಳಿದರೆ ಯಾರು ನಂಬುತ್ತಾರೆ? ನೆಲ ಕಸಿದುಕೊಂಡರೂ ಆ ಕೈ ಆಕೆಯ ಹತ್ತಿರ ಉಳಿದಿತ್ತು. ನನ್ನ ಹತ್ತಿರ ಒಂದು ನೋಟುಬುಕ್ಕು ಇತ್ತು, ಅದನ್ನೂ ಯಾವಾಗಲೋ ರದ್ದಿಗೆ ಹಾಕಿದ್ದೆ.

"ಹೊಂಡ ತೋಡುವಾಗ ಸಿಕ್ಕದ" ಅಂದೆ. "ಖಾಲಾ ಹೇಳಿದ್ದು ಖರೇ ಇತ್ತು."

ಆಕೆ ಕೊನೆಯ ತುಂಡನ್ನು ತನ್ನ ಗುಂಪಿಗೆ ಸೇರಿಸಿದಳು. ಆಮೇಲೆ, "ಅವ್ವ ಸಾಯೋತನಕ ಒಂದು ಮಾತು ಹೇಳ್ತಿದ್ಲು ಅಕ್ಕಾರ" ಅಂದಳು. "ಗೌಡ್ರ ಮಗಳ ಕಿವಿ ನಾ ಮೆತ್ತಗ ಹಿಂಡಿದೆ ಕಾಣ್ತದ. ಕೂಸು ಅಂತ ಕನಿಕರ ಮಾಡಿದೆ. ಜರಾ ಗಟ್ಟಿ ಹಿಂಡಿದ್ರ ಆಕಿಗೆ ನೆನಪಿರ್ತಿತ್ತು, ತಪ್ಪು ನಂದೇ, ಅಂತ."

ಚಹಾದ ಲೋಟ ಕೆಳಗಿಟ್ಟೆ. ಅಷ್ಟು ವರ್ಷ ಆಕೆ ನನ್ನನ್ನು ಬೈಯುತ್ತಿರಬೇಕು, ಶಪಿಸುತ್ತಿರಬೇಕು ಅಂದುಕೊಂಡು ಅದರಲ್ಲೇ ಒಂದು ಸಮಾಧಾನ ಮಾಡಿಕೊಂಡಿದ್ದೆ.

"ಮೆತ್ತಗ ಹಿಂಡಿರಲಿಲ್ಲ" ಅಂದೆ. "ನನಗ ನೆನಪಿತ್ತು. ಅವತ್ತೂ ನೆನಪಿತ್ತು."

ಆಕೆ ತಲೆ ಎತ್ತಲಿಲ್ಲ. ಎರಡೂ ಗುಂಪಿನ ಇದ್ದಲಿಯನ್ನು ಎರಡು ಬಟ್ಟೆಯಲ್ಲಿ ಬೇರೆ ಬೇರೆ ಕಟ್ಟಿದಳು. ನಮ್ಮ ಮನೆಯ ಗಂಟನ್ನು ನನ್ನ ಮುಂದೆ ಇಟ್ಟಳು, ತಮ್ಮದನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ನನಗ ಅವತ್ತೇ ಗೊತ್ತಿತ್ರಿ" ಅಂದಳು. "ಅವ್ವಗ ಹೇಳಲಿಲ್ಲ."

ಮುಂದಿನ ವಾರ ಜೇವರ್ಗಿಗೆ ಹೋಗಿ ಹೇಳಿಕೆ ಬರೆದುಕೊಟ್ಟು ಬಂದೆ. ಬನ್ನಿಗಿಡದ ಬೊಡ್ಡೆಯಿಂದ ಹೊತ್ತು ಮೂಡುವ ದಿಕ್ಕಿಗೆ ನಲವತ್ತು ಹೆಜ್ಜೆ, ಖಾಲಾ ಗಟ್ಟಿ ಇದ್ದಾಗಿನ ನಲವತ್ತು, ನಾನು ಕಣ್ಣಾರೆ ಕಂಡಿದ್ದೇನೆ ಎಂದು. ಅಲ್ಲಿಯ ಗುಮಾಸ್ತ ಓದಿ, ಇಷ್ಟು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದ. ಕಾರಣ ಬರೆಯಲು ಅರ್ಜಿಯಲ್ಲಿ ಜಾಗ ಇರಲಿಲ್ಲ. ತಮ್ಮ ಫೋನ್ ಮಾಡುವುದು ಬಿಟ್ಟಿದ್ದಾನೆ. ಹೊಂಡ ತುಂಬಿದೆಯಂತೆ, ಕಲ್ಲು ಇದ್ದ ಜಾಗ ಈಗ ನೀರಿನ ಅಡಿಯಲ್ಲಿದೆ. ನೆಲ ಅವರಿಗೆ ತಿರುಗಿ ಸಿಗುತ್ತದೋ ಇಲ್ಲವೋ, ಸಿಕ್ಕರೂ ನಾನು ಇರುವಾಗಲೇ ಸಿಗುತ್ತದೋ, ಗೊತ್ತಿಲ್ಲ.

ಮಾಳಿಗೆಯ ಮೇಲೆ ಆ ಎರಡು ಚೀಲ ಮಣ್ಣು ಇನ್ನೂ ಹಾಗೇ ಬಿದ್ದಿದೆ. ದಿನಾ ಬೆಳಿಗ್ಗೆ ನೀರು ಚಿಮುಕಿಸಿ, ಒಂದು ಹಿಡಿ ತೆಗೆದು ಉಂಡೆ ಮಾಡಿ, ನಡುವಿನ ಎತ್ತರದಿಂದ ಬಿಟ್ಟು ನೋಡುತ್ತೇನೆ. ಒಂದು ದಿನ ಚಪ್ಪಟೆಯಾಗುತ್ತದೆ, ಒಂದು ದಿನ ಪುಡಿಯಾಗುತ್ತದೆ. ನಿನ್ನೆ ಮೂರು ಹೋಳಾಯಿತು. ಹೌದೋ ಅಲ್ಲವೋ ಎಂದು ಕೇಳಬೇಕು ಅನಿಸಿ ಹಿಂದಕ್ಕೆ ತಿರುಗಿದೆ. ಯಾರೂ ಇರಲಿಲ್ಲ.